ಕ್ರೀಟ್ ಯಾವತ್ತಾದರೂ ಬೇರೆ ದೇಶವಾಗಿತ್ತೇ?

ಪ್ರಶ್ನೆ: ನನಗೆ ಸ್ಟಾಂಪ್ ಕೂಡಿಡುವ ಹವ್ಯಾಸ. 1900ರ ಸುಮಾರಿನ ಕೆಲವು ಸ್ಟಾಂಪುಗಳ ಮೇಲೆ ಗ್ರೀಸ್ ಎಂದಿಲ್ಲ, ಕ್ರೀಟ್ ಎಂದಷ್ಟೇ ಇದೆ. ಅದು ಗ್ರೀಸಿನ ದ್ವೀಪ ಅಲ್ಲವೇ?

ಉತ್ತರ: ಆಗ ಅಲ್ಲ. 1898ರಿಂದ 1913ರವರೆಗೆ ಕ್ರೀಟ್‌ಗೆ ಸ್ವಂತ ಸಂವಿಧಾನ, ಶಾಸನಸಭೆ, ನಾಣ್ಯ, ಅಂಚೆ ಎಲ್ಲವೂ ಇದ್ದವು. ರಾಜಧಾನಿ ಹಾನಿಯಾ. ಹಾಗೆಂದು ಪೂರ್ತಿ ಸ್ವತಂತ್ರವೂ ಅಲ್ಲ. ಕಾಗದದ ಮೇಲೆ ಒಡೆಯ ತುರ್ಕಿಯ ಸುಲ್ತಾನನೇ. ಬಾವುಟದಲ್ಲೂ ಇದೇ ಎಡಬಿಡಂಗಿತನ: ನೀಲಿಯ ಮೇಲಿನ ಬಿಳಿ ಶಿಲುಬೆ ಗ್ರೀಸಿನ ಕಡೆಯದು, ಮೂಲೆಯ ಕೆಂಪು ಚೌಕದಲ್ಲಿದ್ದ ನಕ್ಷತ್ರ ಸುಲ್ತಾನನ ಪಾಲಿನದು.

ಇಂಥ ರಾಜ್ಯ ಬೇಕೆಂದು ಅಲ್ಲಿನ ಬಹುಸಂಖ್ಯಾತ ಕ್ರೈಸ್ತರು ಕೇಳಿರಲೇ ಇಲ್ಲ. ಅವರಿಗೆ ಬೇಕಿದ್ದದ್ದು ಗ್ರೀಸ್. ಅವರ ಬೆನ್ನಿಗೆ ನಿಂತು 1897ರಲ್ಲಿ ತುರ್ಕಿಯ ಜೊತೆ ಯುದ್ಧಕ್ಕಿಳಿದ ಗ್ರೀಸ್ ಸೋತಿತು. ಬ್ರಿಟನ್, ಫ್ರಾನ್ಸ್, ರಷ್ಯಾ, ಇಟಲಿ ದ್ವೀಪವನ್ನು ಪಾಲು ಹಾಕಿಕೊಂಡು ಕಾವಲು ಕೂತವು. 1898ರ ಸೆಪ್ಟೆಂಬರಿನಲ್ಲಿ ಕಾಂಡಿಯಾ (ಈಗಿನ ಇರಾಕ್ಲಿಯೋ) ಪಟ್ಟಣದ ಗಲಭೆಯಲ್ಲಿ ಬ್ರಿಟಿಷ್ ಸೈನಿಕರೂ ಸತ್ತ ಮೇಲೆ ತುರ್ಕಿಯ ಸೇನೆಯನ್ನು ಹೊರಗಟ್ಟಿ, ಗ್ರೀಸ್ ದೊರೆಯ ಎರಡನೆಯ ಮಗ ಜಾರ್ಜ್‌ನನ್ನು ಹೈಕಮಿಷನರ್, ಅಂದರೆ ಆಡಳಿತದ ಮುಖ್ಯಸ್ಥ ಆಗಿ ಕೂರಿಸಿದರು. ದ್ವೀಪವನ್ನು ಗ್ರೀಸಿಗೆ ಕೊಡದೆ ಗ್ರೀಸಿನ ರಾಜಕುಮಾರನನ್ನು ದ್ವೀಪಕ್ಕೆ ಕೊಟ್ಟ ಜಾಣತನ ಇದು!

ರಾಜಕುಮಾರನಿಗೂ ಅವನದೇ ಮಂತ್ರಿ ವೆನಿಜೆಲೋಸ್‌ಗೂ ಸರಿಬರಲಿಲ್ಲ. 1901ರಲ್ಲಿ ಮಂತ್ರಿಗಿರಿ ಕಳೆದುಕೊಂಡ ವೆನಿಜೆಲೋಸ್ 1905ರಲ್ಲಿ ಥೆರಿಸೋ ಹಳ್ಳಿಯಿಂದ ಬಂಡಾಯ ಎಬ್ಬಿಸಿದ. ಮರುವರ್ಷ ರಾಜಕುಮಾರ ಗಂಟುಮೂಟೆ ಕಟ್ಟಿದ. 1908ರಲ್ಲಿ ಕ್ರೀಟಿನವರು ತಾವೇ ವಿಲೀನ ಘೋಷಿಸಿ, ಸ್ಟಾಂಪುಗಳ ಮೇಲೆ ‘ಎಲ್ಲಾಸ್’, ಅಂದರೆ ಗ್ರೀಸ್ ಎಂದು ಅಚ್ಚೊತ್ತಿದರು. ನಿಮ್ಮ ಸಂಗ್ರಹದಲ್ಲೂ ಅಂಥವು ಇರಬಹುದು, ಹುಡುಕಿ ನೋಡಿ. 1909ರಲ್ಲಿ ವಿದೇಶಿ ಪಡೆಗಳು ಹೊರಟದ್ದೇ ತಡ, ಹಾನಿಯಾ ಕೋಟೆಯ ಮೇಲೆ ಗ್ರೀಕ್ ಬಾವುಟ ಏರಿತು. ಆ ನಾಲ್ಕು ದೇಶಗಳ ನೌಕಾಸೈನಿಕರು ಬಂದು ಧ್ವಜಕಂಬವನ್ನೇ ಕಡಿದುಹಾಕಿದರು.

ವೆನಿಜೆಲೋಸ್ 1910ರಲ್ಲಿ ಗ್ರೀಸಿನ ಪ್ರಧಾನಿಯೇ ಆದ. ಆದರೆ ಕ್ರೀಟಿನ ಪ್ರತಿನಿಧಿಗಳು ಅಥೆನ್ಸ್ ಸಂಸತ್ತಿಗೆ ಬಂದಾಗ ಬಾಗಿಲು ಮುಚ್ಚಿದವನೂ ಅವನೇ. ಅವರನ್ನು ಒಳಗೆ ಬಿಟ್ಟರೆ ತುರ್ಕಿ ಯುದ್ಧ ಸಾರುವ ಭಯ; ಸೇನೆಯಿನ್ನೂ ಸಜ್ಜಾಗಿರಲಿಲ್ಲ. 1912ರ ಅಕ್ಟೋಬರಿನಲ್ಲಿ ತುರ್ಕಿಯ ವಿರುದ್ಧ ಬಾಲ್ಕನ್ ಯುದ್ಧ ಶುರುವಾದಾಗಲೇ ಅವರಿಗೆ ಕುರ್ಚಿ ಸಿಕ್ಕಿದ್ದು. 1913ರಲ್ಲಿ ಸುಲ್ತಾನ ಹಕ್ಕು ಬಿಟ್ಟುಕೊಟ್ಟ. ಡಿಸೆಂಬರ್ 1ರಂದು ಅದೇ ಕೋಟೆಯ ಮೇಲೆ ಗ್ರೀಕ್ ಬಾವುಟ ಅಧಿಕೃತವಾಗಿ ಹಾರಿತು.

ದ್ವೀಪದ ಮುಸ್ಲಿಮರಲ್ಲಿ ಬಹಳ ಮಂದಿ ಅಷ್ಟರಲ್ಲಾಗಲೇ ಊರು ಬಿಟ್ಟಿದ್ದರು. ಅವರಲ್ಲಿ ಹೆಚ್ಚಿನವರ ಮನೆಮಾತು ಗ್ರೀಕೇ. ಉಳಿದವರನ್ನು ಗ್ರೀಸ್ ಮತ್ತು ತುರ್ಕಿಯ ನಡುವಿನ 1923ರ ಜನವಿನಿಮಯ ಒಪ್ಪಂದ ತುರ್ಕಿಗೆ ಸಾಗಿಸಿತು.