ಓದೋಕೆ ಹಿಡಿದ ಲಾಕೂ ಲಾಕೇ

ಬ್ಯಾಡಗಿ ಮೆಣಸಿನಕಾಯಿ ದರ ತೋರಿಸುವ ಒಂದು ಸರ್ವರ್ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಟೆಂಡರ್ ದಿನ ಹಾವೇರಿ, ಗದಗ, ಹುಬ್ಬಳ್ಳಿ ಕಡೆಯವರೆಲ್ಲ ಡಬ್ಬಿ ತಳಿ ಎಷ್ಟಾಯ್ತು, ಕಡ್ಡಿ ತಳಿ ಎಷ್ಟಾಯ್ತು ಅಂತ ಮೊಬೈಲ್ ತೆರೆದು ನೋಡ್ತಾನೇ ಇರುತ್ತಾರೆ. ದರ ಬದಲಾಗುವುದು ಮಾತ್ರ ಯಾವಾಗಲೋ ಒಮ್ಮೆ. ಓದುವ ಥ್ರೆಡ್‌ಗಳು ನೂರಾರು, ಬರೆಯುವುದು ಒಂದೇ. ಥ್ರೆಡ್ ಅಂದರೆ ಒಂದೇ ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆ.

ಒಬ್ಬರು ಮುಟ್ಟಿರುವಾಗ ಇನ್ನೊಬ್ಬರನ್ನು ತಡೆಯುವ ಬೀಗ, ಅಂದರೆ ಲಾಕ್, ಇಲ್ಲದಿದ್ದರೆ? ಬರೆಯುವ ಥ್ರೆಡ್ ಡಬ್ಬಿಯ ಕನಿಷ್ಠ ದರ ಬದಲಿಸಿ, ಗರಿಷ್ಠ ದರಕ್ಕೆ ಕೈ ಹಾಕುವಷ್ಟರಲ್ಲಿ ಇನ್ನೊಂದು ಥ್ರೆಡ್ ಬಂದು ಎರಡನ್ನೂ ಓದಿಬಿಡಬಹುದು. ಕನಿಷ್ಠ ಈಗಿನದು, ಗರಿಷ್ಠ ಹಿಂದಿನದು. ಅಂಥ ಜೋಡಿ ದರ ಮಾರುಕಟ್ಟೆಯಲ್ಲಿ ಯಾವತ್ತೂ ಇರಲೇ ಇಲ್ಲ. ಅದನ್ನು ನಂಬಿ ರೈತ ಗಾಡಿಗೆ ಚೀಲ ಹೇರಿಬಿಟ್ಟರೆ?

ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಲಾಕ್, ಅಂದರೆ ಮ್ಯೂಟೆಕ್ಸ್, ಹಾಕಿದರೆ ಈ ತಪ್ಪು ಆಗುವುದಿಲ್ಲ, ಆದರೆ ಓದುವವರೂ ಸಾಲು ನಿಲ್ಲಬೇಕಾಗುತ್ತದೆ. ಸುಮ್ನೆ ನೋಡಿ ಹೋಗುವವರು ಒಬ್ಬರಿಗೊಬ್ಬರು ಅಡ್ಡಿಯೇ ಅಲ್ಲ, ಅಲ್ವಾ? 1971ರಲ್ಲಿ ಕೂರ್ಟ್ವಾ, ಹೇಮನ್ಸ್, ಪಾರ್ನಾಸ್ ಎಂಬ ಮೂವರು ಇದಕ್ಕೆ ದಾರಿ ಬರೆದಿಟ್ಟರು: ಓದುವವರು ಎಷ್ಟು ಜನವಾದರೂ ಒಟ್ಟಿಗೆ ಒಳಗಿರಲಿ, ಬರೆಯುವಾಗ ಬರೆಯುವವನೊಬ್ಬನೇ ಇರಲಿ. ಓದಲು ಹಿಡಿಯುವುದು ರೀಡ್ ಲಾಕ್, ಬರೆಯಲು ಹಿಡಿಯುವುದು ರೈಟ್ ಲಾಕ್. ಓದುವವರಿಗೇ ಮೊದಲ ಮಣೆ ಹಾಕಿದರೆ ಅವರು ಬರುತ್ತಲೇ ಇರುತ್ತಾರೆ, ಬರೆಯುವವನ ಪಾಳಿ ಬರೋದೇ ಇಲ್ಲ. ಅದಕ್ಕೇ ಎಷ್ಟೋ ಲಾಕ್‌ಗಳು, ಬರೆಯುವವನು ಕಾಯುತ್ತಿದ್ದರೆ ಹೊಸ ಓದುಗರನ್ನು ತಡೆದು ನಿಲ್ಲಿಸುತ್ತವೆ.

ನಿಜವಾದ ತೊಂದರೆ ಶುರುವಾಗುವುದೇ ಇಲ್ಲಿ. ನಿಮ್ಮ ಒಂದು ಫಂಕ್ಷನ್ ರೀಡ್ ಲಾಕ್ ಹಿಡಿದು ಇನ್ನೊಂದು ಫಂಕ್ಷನ್ ಕರೆಯುತ್ತದೆ, ಅದೂ ಅದೇ ರೀಡ್ ಲಾಕ್ ಕೇಳುತ್ತದೆ. ಈ ಎರಡರ ನಡುವಿನ ಗಳಿಗೆಯಲ್ಲಿ ಬರೆಯುವ ಥ್ರೆಡ್ ಬಂದು ಪಾಳಿಗೆ ನಿಂತಿತು ಅನ್ನಿ. ಎರಡನೇ ಓದು ಬರೆಯುವವನಿಗಾಗಿ ಕಾಯುತ್ತದೆ, ಬರೆಯುವವನು ಮೊದಲನೇ ಓದು ಮುಗಿಯಲಿ ಅಂತ ಕಾಯುತ್ತಾನೆ. ಇಬ್ಬರೂ ಮುಂದೆ ಹೋಗುವುದೇ ಇಲ್ಲ. ಡೆಡ್‌ಲಾಕ್! ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆರ್‌ಡಬ್ಲ್ಯೂ ಮ್ಯೂಟೆಕ್ಸ್ (ಇಂಥದೇ ಓದು-ಬರಹದ ಲಾಕ್) ಹೀಗೆ ಮತ್ತೆ ಮತ್ತೆ ಹಿಡಿಯಬೇಡಿ ಅಂತ ದಾಖಲೆಯಲ್ಲೇ ಎಚ್ಚರಿಸುತ್ತದೆ. ಟೆಸ್ಟ್ ಮಾಡುವಾಗ ಇದು ಸಿಗುವುದು ಕಷ್ಟ, ಯಾಕಂದರೆ ಬರೆಯುವವನು ಸರಿಯಾಗಿ ಆ ಸಂದಿಯಲ್ಲೇ ಬರಬೇಕು. ಜನ ಜಾಸ್ತಿ ಇರುವ ದಿನವೇ ಅದು ಆಗುವ ಸಾಧ್ಯತೆ ಹೆಚ್ಚು.

ಓದುತ್ತಿದ್ದವನೇ ಲಾಕ್ ಬಿಡದೆ ಬರೆಯಲು ಹೊರಟರೂ ಇದೇ ಕಥೆ. ಇಬ್ಬರು ಓದುಗರು ಒಟ್ಟಿಗೆ ಹಾಗೆ ಹೊರಟರೆ, ಒಬ್ಬ ಬಿಡಲಿ ಅಂತ ಇನ್ನೊಬ್ಬ ಕೂರುತ್ತಾನೆ. ರೀಡ್ ಲಾಕ್ ಬಿಟ್ಟು, ರೈಟ್ ಲಾಕ್ ಹಿಡಿದು, ದರವನ್ನು ಇನ್ನೊಮ್ಮೆ ನೋಡಿ, ಆಮೇಲೆ ಬದಲಿಸಿ. ಆ ಇನ್ನೊಮ್ಮೆ ನೋಡುವುದನ್ನು ದಯವಿಟ್ಟು ಬಿಡಬೇಡಿ, ನಡುವೆ ಬೇರೆಯವರು ಬದಲಿಸಿರಬಹುದು.

ಹಾಗೇ, ರೀಡ್ ಲಾಕ್ ಹಿಡಿದುಕೊಂಡು ಎಸ್‌ಎಂಎಸ್ ಕಳಿಸುತ್ತಾ ಕೂರಬೇಡಿ. ನೆಟ್‌ವರ್ಕ್ 5 ಸೆಕೆಂಡ್ ತಡವಾದರೆ ಬರೆಯುವವನು ಅಷ್ಟೂ ಹೊತ್ತು ನಿಲ್ಲುತ್ತಾನೆ, ಅವನ ಹಿಂದೆ ಬಂದವರೆಲ್ಲ ನಿಲ್ಲುತ್ತಾರೆ. ಎರಡು ಅಂಕಿ ಕಾಪಿ ಮಾಡಿಕೊಳ್ಳಿ, ಲಾಕ್ ಬಿಡಿ, ಆಮೇಲೆ ಕಳಿಸಿ.

ಇನ್ನೊಂದು ಮಾತು. ಒಳಗೆ ಎಷ್ಟು ಓದುಗರಿದ್ದಾರೆ ಅನ್ನುವ ಎಣಿಕೆಯನ್ನು ಸಾಮಾನ್ಯವಾಗಿ ಲಾಕ್ ಒಂದೇ ಜಾಗದಲ್ಲಿ ಇಡುತ್ತದೆ. ಓದಲು ಬಂದ ಪ್ರತಿ ಥ್ರೆಡ್ಡೂ ಆ ಎಣಿಕೆಯನ್ನು ಬದಲಿಸಲೇಬೇಕು, ಹಾಗಾಗಿ ಅದಿರುವ ಕ್ಯಾಶ್ ಲೈನ್ (ಪ್ರೊಸೆಸರ್ ತನ್ನ ಹತ್ತಿರ ಇಟ್ಟುಕೊಳ್ಳುವ ಮೆಮೊರಿಯ ತುಣುಕು) ಪ್ರೊಸೆಸರಿನ ಕೋರ್‌ನಿಂದ ಕೋರ್‌ಗೆ ಓಡಾಡುತ್ತಲೇ ಇರುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಒಳಗಿನ ಕೆಲಸ ಎರಡು ಅಂಕಿ ಓದುವಷ್ಟೇ ಇದ್ದರೆ ಎಷ್ಟೋ ಸಲ ಸಾದಾ ಮ್ಯೂಟೆಕ್ಸೇ ಬೇಗ ಮುಗಿಸುತ್ತದೆ, ಎರಡನ್ನೂ ಅಳತೆ ಮಾಡಿ ನೋಡಿ. ನನ್ನ ಕೇಳಿದರೆ ದರಪಟ್ಟಿಗೆ ಇನ್ನೂ ಒಳ್ಳೇ ದಾರಿಯಿದೆ: ಹೊಸ ಪಟ್ಟಿಯನ್ನು ಪಕ್ಕದಲ್ಲೇ ಪೂರ್ತಿ ತಯಾರು ಮಾಡಿ, ಪಟ್ಟಿ ಎಲ್ಲಿದೆ ಅಂತ ತೋರಿಸುವ ಪಾಯಿಂಟರ್ ಒಂದನ್ನೇ ಅಟಾಮಿಕ್ ಆಗಿ, ಅಂದರೆ ನಡುವೆ ಯಾರೂ ನುಗ್ಗಲಾಗದಂತೆ ಒಂದೇ ಏಟಿಗೆ, ಬದಲಿಸಿ. ಹಳೆಯದನ್ನು ಓದುತ್ತಿದ್ದವರು ಅದನ್ನೇ ಓದಿ ಮುಗಿಸುತ್ತಾರೆ, ಹೊಸಬರಿಗೆ ಹೊಸದು ಸಿಗುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ 2002ರಲ್ಲಿ ಸೇರಿದ ರೀಡ್-ಕಾಪಿ-ಅಪ್‌ಡೇಟ್ ತಂತ್ರ, ಅಂದರೆ ಆರ್‌ಸಿಯು ಕೂಡ ಇದೇ ಜಾಡಿನದು, ಹಳೆಯ ಪ್ರತಿಯನ್ನು ಅದರ ಕೊನೆಯ ಓದುಗ ಹೊರಬಿದ್ದ ಮೇಲೆಯೇ ಅದು ಅಳಿಸುತ್ತದೆ.