ಪೇಜ್ ರೈಟ್: ಕಂಪ್ಯೂಟರಿನ ಕಡತ ಹೊರಗಿನ ಮೆಮೊರಿ ಚಿಪ್‌ಗೆ ಇಳಿಯುವ ಬಗೆ

ವಿದ್ಯುತ್ ಹೋದರೂ ಮಾಹಿತಿ ಉಳಿಸಿಕೊಳ್ಳುವ ಇಇಪ್ರಾಮ್ ಅಥವಾ ಫ್ಲ್ಯಾಶ್ ಮೆಮೊರಿ ಚಿಪ್ ಒಂದೇ ಆದೇಶಕ್ಕೆ ತನ್ನೊಳಗಿನ ಒಂದು ಸಾಲಿನಷ್ಟು ಬೈಟ್‌ಗಳನ್ನು ಒಟ್ಟಿಗೆ ಬರೆದುಕೊಳ್ಳುವುದನ್ನು ಪೇಜ್ ರೈಟ್ ಎನ್ನುತ್ತಾರೆ. ಆ ಸಾಲೇ ಪೇಜ್. 24ಎಲ್‌ಸಿ256 ಇಇಪ್ರಾಮ್‌ನಲ್ಲಿ ಒಂದು ಪೇಜ್ ಎಂದರೆ 64 ಬೈಟ್, 24ಸಿ32ರಲ್ಲಿ 32, 24ಸಿ512ರಲ್ಲಿ 128, ಡಬ್ಲ್ಯೂ25ಕ್ಯೂ ಸರಣಿಯ ಫ್ಲ್ಯಾಶ್‌ಗಳಲ್ಲಿ 256. ಈ ಒಂದು ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರೋಗ್ರಾಂ ಹತ್ತು ಬೈಟ್‌ನ ಪರೀಕ್ಷೆಯಲ್ಲಿ ಪಾಸಾಗಿ, ಹತ್ತು ಕಿಲೋಬೈಟ್‌ನ ಕಡತ ಬಂದಾಗ ಕೈಕೊಡುತ್ತದೆ.

ಹೊರಗಿನ ಚಿಪ್ ಯಾಕೆ ಬೇಕು ಎಂದರೆ ಸಾಧನವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್ಪಾದ ಮೈಕ್ರೊಕಂಟ್ರೋಲರ್ ಒಳಗೆ ಜಾಗ ಸಾಲದು, ಅಷ್ಟೇ. ಆರ್ಡುಯಿನೊ ಊನೊ ಬೋರ್ಡ್‌ನಲ್ಲಿರುವ ಮೈಕ್ರೊಕಂಟ್ರೋಲರ್ ಎಟಿಮೆಗಾ328ಪಿಯಲ್ಲಿ ಪ್ರೋಗ್ರಾಂಗೆ 32 ಕಿಲೋಬೈಟ್, ರ್‍ಯಾಮ್ 2 ಕಿಲೋಬೈಟ್, ಒಳಗಿನ ಇಇಪ್ರಾಮ್ 1 ಕಿಲೋಬೈಟ್. ಪರದೆಯ ಅಕ್ಷರಚಿತ್ರಗಳು, ಧ್ವನಿ ತುಣುಕುಗಳು, ತಿದ್ದುಪಡಿ ಕೋಷ್ಟಕಗಳು ಇಷ್ಟರಲ್ಲಿ ಹಿಡಿಸುವುದಿಲ್ಲ. ಇವೆಲ್ಲ ಹುಟ್ಟುವುದು ಕಂಪ್ಯೂಟರಿನಲ್ಲಿ. ಅಲ್ಲಿಂದ ಸೀರಿಯಲ್ ಕೇಬಲ್ ಮೂಲಕ ಮೈಕ್ರೊಕಂಟ್ರೋಲರ್‌ಗೆ, ಅಲ್ಲಿಂದ ಐ2ಸಿ ಅಥವಾ ಎಸ್‌ಪಿಐ (ಚಿಪ್‌ಗಳು ಪರಸ್ಪರ ಮಾತಾಡುವ ಎರಡು ಪದ್ಧತಿಗಳು) ತಂತಿಗಳ ಮೂಲಕ ಚಿಪ್‌ಗೆ ಹೋಗಬೇಕು. ಚಿಪ್ ಕೊಳ್ಳುವಾಗ ಒಂದು ಎಚ್ಚರ: 24ಎಲ್‌ಸಿ256 ಎಂಬ ಹೆಸರಿನಲ್ಲಿರುವ 256 ಕಿಲೋಬೈಟ್ ಅಲ್ಲ, ಕಿಲೋಬಿಟ್. ಎಂಟರಿಂದ ಭಾಗಿಸಿದರೆ 32 ಕಿಲೋಬೈಟ್, ಅಂದರೆ 32,768 ಬೈಟ್.

ಪೇಜ್ ಎಂಬ ಕಟ್ಟುಪಾಡು ಬಂದದ್ದು ಚಿಪ್‌ನ ಒಳರಚನೆಯಿಂದ. ನಾವು ಕಳಿಸಿದ ಬೈಟ್ ನೇರವಾಗಿ ಶಾಶ್ವತ ಕೋಶಕ್ಕೆ ಹೋಗುವುದಿಲ್ಲ. ಮೊದಲು ಒಂದು ಪೇಜ್‌ನಷ್ಟಿರುವ ತಾತ್ಕಾಲಿಕ ಬಫರ್‌ನಲ್ಲಿ ಕೂರುತ್ತದೆ. ಕಳಿಸುವುದು ಮುಗಿಯಿತೆನ್ನುವ ಐ2ಸಿ ಸ್ಟಾಪ್ ಸಂಕೇತ ಬಂದ ಮೇಲಷ್ಟೇ ಚಿಪ್ ಒಳಗೇ ಹೆಚ್ಚಿನ ವೋಲ್ಟೇಜ್ ಹುಟ್ಟಿಸಿಕೊಂಡು ಇಡೀ ಸಾಲನ್ನು ಬರೆಯುತ್ತದೆ. 24ಎಲ್‌ಸಿ256 ಇದಕ್ಕೆ ಗರಿಷ್ಠ 5 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದು ಬೈಟ್ ಕೊಟ್ಟರೂ ಅದೇ 5, 64 ಬೈಟ್ ಕೊಟ್ಟರೂ ಅದೇ 5. ಹಾಗಾಗಿ ಇಡೀ ಚಿಪ್ಪನ್ನು ಬೈಟ್ ಬೈಟಾಗಿ ತುಂಬಿಸಿದರೆ ಬರೆಯುವ ಕಾಲವೇ 164 ಸೆಕೆಂಡ್; 512 ಪೇಜ್‌ಗಳಾಗಿ ತುಂಬಿಸಿದರೆ ಎರಡೂವರೆ ಸೆಕೆಂಡ್ ಚಿಲ್ಲರೆ. ಸವೆತದ ಲೆಕ್ಕವೂ ಹೀಗೆಯೇ. ಒಂದೇ ಬೈಟ್ ಬದಲಿಸಿದರೂ ಚಿಪ್ ಆ ಪೇಜ್‌ನ ಉಳಿದ 63 ಬೈಟ್‌ಗಳನ್ನೂ ಮರಳಿ ಬರೆದುಕೊಳ್ಳುತ್ತದೆ. ಹತ್ತು ಲಕ್ಷ ಸಲ ಬರೆಯಬಹುದು ಎಂಬ ಭರವಸೆ ಪೇಜ್‌ಗೆ ಸಂಬಂಧಿಸಿದ್ದು, ಬೈಟ್‌ಗಲ್ಲ.

ಹೆಚ್ಚಿನವರು ಎಡವುವುದು ಪೇಜ್‌ನ ಗಡಿಯಲ್ಲಿ. ವಿಳಾಸ 60ರಿಂದ ಹತ್ತು ಬೈಟ್ ಬರೆಯಲು ಹೇಳಿದಿರಿ ಎನ್ನಿ. 60ರಿಂದ 63ರವರೆಗೆ ನಾಲ್ಕು ಬೈಟ್ ಸರಿಯಾಗಿ ಕೂರುತ್ತವೆ. ಐದನೆಯದು 64ಕ್ಕೆ ಹೋಗುವುದಿಲ್ಲ, ಅದೇ ಪೇಜ್‌ನ ತಲೆಗೆ ಮರಳಿ ವಿಳಾಸ 0ರ ಮೇಲೆ ಬಿದ್ದು ಅಲ್ಲಿದ್ದುದನ್ನು ಅಳಿಸುತ್ತದೆ. ಚಿಪ್ ದೂರು ಹೇಳುವುದಿಲ್ಲ; ಪ್ರತಿ ಬೈಟ್‌ಗೂ ಒಪ್ಪಿಗೆಯ ಸಂಕೇತ ಕೊಡುತ್ತಲೇ ಇರುತ್ತದೆ. ಓದುವಾಗ ಈ ಗಡಿ ಇಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಓದಬಹುದು. ಓದಲು ಬರೆದ ಕೋಡನ್ನೇ ತಿರುಗಿಸಿ ಬರೆಯಲು ಬಳಸುವವರಿಗೆ ಇದು ಹೊಳೆಯುವುದು ತಡವಾಗಿ. ಪರಿಹಾರ ಸರಳ: ಆರಂಭದ ವಿಳಾಸವನ್ನು 64ರಿಂದ ಭಾಗಿಸಿ ಬರುವ ಶೇಷವನ್ನು 64ರಿಂದ ಕಳೆಯಿರಿ. ಮೊದಲ ತುಂಡು ಅದಕ್ಕಿಂತ ಉದ್ದವಿರಬಾರದು. ಆಮೇಲಿನ ತುಂಡುಗಳು ತಾವಾಗಿಯೇ ಗಡಿಗೆ ಹೊಂದಿಕೊಳ್ಳುತ್ತವೆ.

ಐ2ಸಿ ಮಾತುಕತೆ ನಡೆಸಿಕೊಡುವ ಆರ್ಡುಯಿನೊದ ವೈರ್ ಲೈಬ್ರರಿ ಇದರ ಮೇಲೆ ಇನ್ನೊಂದು ಮಿತಿ ಹೇರುತ್ತದೆ. ಊನೊದಲ್ಲಿ ಅದರ ಬಫರ್ 32 ಬೈಟ್. ಚಿಪ್‌ನೊಳಗಿನ ವಿಳಾಸಕ್ಕೆ ಎರಡು ಬೈಟ್ ಹೋದರೆ ಮಾಹಿತಿಗೆ ಉಳಿಯುವುದು 30. ಉಳಿದದ್ದನ್ನು ಲೈಬ್ರರಿ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. 30ರ ತುಂಡುಗಳು 64ಕ್ಕೆ ಸಮನಾಗಿ ಕೂರುವುದಿಲ್ಲವಾದ್ದರಿಂದ 16ರ ತುಂಡುಗಳಲ್ಲಿ ಬರೆಯುವುದೇ ವಾಸಿ. ಪೇಜ್‌ಗೆ ನಾಲ್ಕು ಸಲ ಬರೆದಂತಾಗುತ್ತದೆ, ಸ್ವಲ್ಪ ನಿಧಾನ, ಆದರೆ ಗಡಿಯ ತಲೆನೋವಿಲ್ಲ.

ಇನ್ನು ವೇಗದ ಲೆಕ್ಕ. ಇಡೀ ಕೆಲಸದ ತಿರುಳು ಇಲ್ಲಿದೆ. 115200 ಬಾಡ್‌ನಲ್ಲಿ, ಅಂದರೆ ಸೀರಿಯಲ್ ಕೇಬಲ್‌ನಲ್ಲಿ ಸೆಕೆಂಡಿಗೆ ಅಷ್ಟು ಬಿಟ್ ಹರಿಯುವಾಗ, ಪ್ರತಿ ಬೈಟ್‌ಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಅಂದರೆ ಸುಮಾರು 87 ಮೈಕ್ರೊಸೆಕೆಂಡಿಗೊಂದು ಬೈಟ್ ಬರುತ್ತದೆ. ಇತ್ತ 100 ಕಿಲೋಹರ್ಟ್ಸ್ ಐ2ಸಿಯಲ್ಲಿ ಒಂದು ಬೈಟ್‌ಗೆ 9 ಬಿಟ್, 90 ಮೈಕ್ರೊಸೆಕೆಂಡ್. ಪೂರ್ತಿ ಪೇಜ್ ಕಳಿಸಲು 64 ಮಾಹಿತಿ ಬೈಟ್ ಮತ್ತು 3 ವಿಳಾಸದ ಬೈಟ್ (ಚಿಪ್‌ನದು ಒಂದು, ಚಿಪ್‌ನೊಳಗಿನದು ಎರಡು) ಸೇರಿ 6 ಮಿಲಿಸೆಕೆಂಡ್, ಬರೆಯಲು 5, ಒಟ್ಟು 11. ಈ 11 ಮಿಲಿಸೆಕೆಂಡಿನಲ್ಲಿ ಕಂಪ್ಯೂಟರ್ ಇನ್ನೂ 127 ಬೈಟ್ ಸುರಿದಿರುತ್ತದೆ. ಊನೊದ ಸೀರಿಯಲ್ ಬಫರ್ 64 ಬೈಟ್. ಉಳಿದದ್ದು ಹೋಯಿತು, ಹೋದದ್ದಕ್ಕೆ ದಾಖಲೆಯೂ ಇಲ್ಲ. ಬಾಡ್ 9600ಕ್ಕೆ ಇಳಿಸಿದರೆ ಅದೇ ಅವಧಿಯಲ್ಲಿ ಬರುವುದು ಹತ್ತೋ ಹನ್ನೊಂದೋ ಬೈಟ್, ಪೇಜ್ ರೈಟ್ ನಿಭಾಯಿಸುತ್ತದೆ. ಆದರೆ 9600ರಲ್ಲೂ ಬೈಟ್ ಬೈಟಾಗಿ ಬರೆದರೆ ಸೋಲು ಖಚಿತ: ಒಂದನ್ನು ಬರೆದು ಮುಗಿಸುವಷ್ಟರಲ್ಲಿ ಐದು ಬಂದಿರುತ್ತವೆ.

ಬಾಡ್ ಇಳಿಸುವುದು ಜಾಣತನವಲ್ಲ. ಕಂಪ್ಯೂಟರ್ ಕಾಯುವಂತೆ ಮಾಡುವುದೇ ಸರಿಯಾದ ದಾರಿ. ಕಂಪ್ಯೂಟರ್ ಒಂದು ತುಂಡು ಕಳಿಸಿ ನಿಲ್ಲಲಿ. ಮೈಕ್ರೊಕಂಟ್ರೋಲರ್ ಅದನ್ನು ರ್‍ಯಾಮ್‌ನಲ್ಲಿ ಹಿಡಿದು, ಚಿಪ್‌ಗೆ ಬರೆದು, ಬರವಣಿಗೆ ಮುಗಿಯಿತೆಂದು ಖಾತ್ರಿಯಾದ ಮೇಲೆ ಒಂದು ಬೈಟ್ ಉತ್ತರ ಕೊಡಲಿ. ಉತ್ತರ ಬಂದ ಮೇಲೆ ಮುಂದಿನ ತುಂಡು. ಪೈಥಾನ್‌ನಲ್ಲಿ ಇದು ಹತ್ತು ಹನ್ನೆರಡು ಸಾಲಿನ ಕೆಲಸ. ತುಂಡಿನೊಂದಿಗೆ ವಿಳಾಸವನ್ನೂ ಕಳಿಸಿದರೆ ಮಧ್ಯೆ ತಪ್ಪಿದ ತುಂಡನ್ನು ಮತ್ತೆ ಕೇಳಬಹುದು. ಎಕ್ಸ್‌ಆನ್, ಎಕ್ಸ್‌ಆಫ್ ಎಂಬ ಹಳೆಯ ತಡೆ ಸಂಕೇತಗಳನ್ನು ಇಲ್ಲಿ ಬಳಸಬೇಡಿ. ಅವು ಹೆಕ್ಸ್ (ಹದಿನಾರರ ಆಧಾರದ ಎಣಿಕೆ) 11 ಮತ್ತು 13 ಎಂಬ ಬೈಟ್‌ಗಳು. ಚಿತ್ರ ಅಥವಾ ಧ್ವನಿಯ ಕಡತದಲ್ಲಿ ಅವೇ ಬೈಟ್‌ಗಳು ಮಾಹಿತಿಯಾಗಿಯೂ ಬರುತ್ತವೆ.

ಸ್ವಂತ ಪ್ರೋಟೊಕಾಲ್ ಬರೆಯುವ ಉಮೇದಿಲ್ಲದಿದ್ದರೆ ಕಡತ ಕಳಿಸುವ ಹಳೆಯ ಪ್ರೋಟೊಕಾಲ್ ಎಕ್ಸ್‌ಮೋಡೆಮ್ ಇದೆ. ವಾರ್ಡ್ ಕ್ರಿಸ್ಟೆನ್ಸೆನ್ 1977ರಲ್ಲಿ ಬರೆದದ್ದು. ಟೆರಾ ಟರ್ಮ್‌ನಂಥ ಟರ್ಮಿನಲ್ ಪ್ರೋಗ್ರಾಂಗಳಲ್ಲಿ ಇಂದಿಗೂ ಸಿಗುತ್ತದೆ. ಒಂದು ಪ್ಯಾಕೆಟ್‌ನಲ್ಲಿ ಹೆಕ್ಸ್ 01, ಪ್ಯಾಕೆಟ್ ಸಂಖ್ಯೆ, 255ರಿಂದ ಆ ಸಂಖ್ಯೆ ಕಳೆದರೆ ಬರುವ ಬೈಟ್, 128 ಬೈಟ್ ಮಾಹಿತಿ, ಕೊನೆಗೆ ಮೊತ್ತದ ಒಂದು ಬೈಟ್. 128 ಎಂದರೆ 24ಎಲ್‌ಸಿ256ರ ಸರಿಯಾಗಿ ಎರಡು ಪೇಜ್. ಎರಡೂ ಪೇಜ್ ಬರೆದಾದ ಮೇಲೆ ಹೆಕ್ಸ್ 06 ಕಳಿಸಿದರೆ ಮುಂದಿನದು ಬರುತ್ತದೆ, ಹೆಕ್ಸ್ 15 ಕಳಿಸಿದರೆ ಅದೇ ಪ್ಯಾಕೆಟ್ ಮತ್ತೆ ಬರುತ್ತದೆ. ಬರೀ ಮೊತ್ತದ ಪರೀಕ್ಷೆಗೆ ಎರಡು ಬೈಟ್ ಅದಲು ಬದಲಾದದ್ದು ಗೊತ್ತಾಗುವುದಿಲ್ಲ, ಬೈಟ್‌ಗಳ ಕ್ರಮವನ್ನೂ ಹಿಡಿಯುವ ಸಿಆರ್‌ಸಿ ಎಂಬ ಪರೀಕ್ಷೆ ಇರುವ ರೂಪವೇ ಮೇಲು. ಕೊನೆಯ ಪ್ಯಾಕೆಟ್ ತುಂಬದಿದ್ದರೆ ಕಳಿಸುವ ಕಡೆ ಸಾಮಾನ್ಯವಾಗಿ ಹೆಕ್ಸ್ 1ಎ ತುರುಕುತ್ತದೆ. ಆದ್ದರಿಂದ ಕಡತದ ನಿಜವಾದ ಉದ್ದವನ್ನು ಕಡತದ ತಲೆಯಲ್ಲೇ ಬರೆದಿಟ್ಟಿರಬೇಕು.

ಚಿಪ್ ಬರೆದು ಮುಗಿಸಿತೇ ಎಂದು ತಿಳಿಯಲು 5 ಮಿಲಿಸೆಕೆಂಡ್ ಕಣ್ಣುಮುಚ್ಚಿ ಕಾಯಬಹುದು. ಅದಕ್ಕಿಂತ ಚೊಕ್ಕ ಉಪಾಯ ಚಿಪ್ಪನ್ನೇ ಕೇಳುವುದು. ಬರೆಯುವಾಗ ಅದು ತನ್ನ ವಿಳಾಸಕ್ಕೆ ಓಗೊಡುವುದಿಲ್ಲ. ವಿಳಾಸದ ಬೈಟ್ ಕಳಿಸುತ್ತಲೇ ಇರಿ. ಒಪ್ಪಿಗೆ ಬಂದ ಕ್ಷಣ ಕೆಲಸ ಮುಗಿದಿದೆ. ಡೇಟಾಶೀಟ್‌ಗಳು ಇದನ್ನು ಅಕ್ನಾಲೆಜ್ ಪೋಲಿಂಗ್ ಎನ್ನುತ್ತವೆ. ಚಿಪ್ ಇಲ್ಲದಿದ್ದರೂ, ತಂತಿ ಬಿಟ್ಟಿದ್ದರೂ ಒಪ್ಪಿಗೆ ಬರುವುದಿಲ್ಲವಾದ್ದರಿಂದ 20 ಮಿಲಿಸೆಕೆಂಡ್ ಆದ ಮೇಲೆ ಕೈಬಿಡುವಂತೆ ಬರೆಯಿರಿ, ಇಲ್ಲವಾದರೆ ಪ್ರೋಗ್ರಾಂ ಅಲ್ಲೇ ಗಿರಕಿ ಹೊಡೆಯುತ್ತದೆ.

ತಂತಿ ಜೋಡಣೆಯಲ್ಲಿ ಹೇಳುವಂಥದ್ದು ಕಡಿಮೆ. ಎಂಟು ಪಿನ್‌ಗಳಲ್ಲಿ 4 ಗ್ರೌಂಡ್, 5 ಎಸ್‌ಡಿಎ (ಐ2ಸಿಯ ಮಾಹಿತಿ ತಂತಿ), 6 ಎಸ್‌ಸಿಎಲ್ (ಗಡಿಯಾರದ ತಂತಿ), 8 ವಿದ್ಯುತ್. 1, 2, 3 ವಿಳಾಸದ ಪಿನ್‌ಗಳು. ಮೂರನ್ನೂ ಗ್ರೌಂಡ್‌ಗೆ ಸೇರಿಸಿದರೆ ಚಿಪ್‌ನ ವಿಳಾಸ ಹೆಕ್ಸ್ 50. ಎಸ್‌ಡಿಎ, ಎಸ್‌ಸಿಎಲ್ ಎರಡಕ್ಕೂ 4.7 ಕಿಲೋಓಮ್ ಪುಲ್‌ಅಪ್ (ತಂತಿಯನ್ನು ವಿದ್ಯುತ್ ಕಡೆಗೆ ಎಳೆದಿಡುವ ರೆಸಿಸ್ಟರ್), 400 ಕಿಲೋಹರ್ಟ್ಸ್‌ಗೆ ಹೋಗುವುದಾದರೆ 2.2. ವಿದ್ಯುತ್ ಪಿನ್‌ಗೆ ತಾಗಿದಂತೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್. ಮೋಸ ಮಾಡುವುದು 7ನೇ ಪಿನ್, ಬರವಣಿಗೆ ತಡೆಯುವ ಡಬ್ಲ್ಯೂಪಿ. ಅದು ಮೇಲಿನ ವೋಲ್ಟೇಜ್‌ನಲ್ಲಿದ್ದರೆ ಚಿಪ್ ಎಲ್ಲ ಬೈಟ್‌ಗಳಿಗೂ ಒಪ್ಪಿಗೆ ಕೊಡುತ್ತದೆ, ಆದರೆ ಒಂದನ್ನೂ ಬರೆಯುವುದಿಲ್ಲ. ಗ್ರೌಂಡ್‌ಗೆ ಕಟ್ಟಿ.

ಕಂಪ್ಯೂಟರ್ ಕಡೆಯ ತಪ್ಪುಗಳು ಎರಡು. ಊನೊದಲ್ಲಿ ಸೀರಿಯಲ್ ಪೋರ್ಟ್ ತೆರೆದ ಕೂಡಲೇ ಡಿಟಿಆರ್ ಎಂಬ ನಿಯಂತ್ರಣ ತಂತಿಯಿಂದ ಬೋರ್ಡ್ ರೀಸೆಟ್ ಆಗುತ್ತದೆ. ಮೊದಲು ಓಡುವ ಪುಟ್ಟ ಪ್ರೋಗ್ರಾಂ ಬೂಟ್‌ಲೋಡರ್ ಎದ್ದು ಮುಗಿಯುವ ತನಕ ಕಳಿಸಿದ್ದೆಲ್ಲ ವ್ಯರ್ಥ. ಪೋರ್ಟ್ ತೆರೆದು 2 ಸೆಕೆಂಡ್ ಕಾಯಿರಿ, ಅಥವಾ ಬೋರ್ಡ್ ತಾನೇ ಸಿದ್ಧವೆಂದು ಒಂದು ಬೈಟ್ ಕಳಿಸುವವರೆಗೆ ಕಾಯಿರಿ. ಎರಡನೆಯದು, ಕಡತವನ್ನು ಬೈನರಿಯಾಗಿ ತೆರೆಯದೆ ಪಠ್ಯವೆಂದು ತೆರೆಯುವುದು. ವಿಂಡೋಸ್‌ನಲ್ಲಿ ಪಠ್ಯವೆಂದು ಬರೆದ ಕಡತದಲ್ಲಿ ಪ್ರತಿ ಹೆಕ್ಸ್ 0ಎಗೆ ಮೊದಲು ಒಂದು 0ಡಿ ಸೇರಿಕೊಂಡು, ಅಲ್ಲಿಂದ ಮುಂದಿನದೆಲ್ಲ ಒಂದೊಂದು ಬೈಟ್ ಜರುಗುತ್ತದೆ.

ಫ್ಲ್ಯಾಶ್ ಚಿಪ್‌ನಲ್ಲಿ ಪೇಜ್ ರೈಟ್‌ಗೆ ಇನ್ನೊಂದು ಷರತ್ತು ಸೇರುತ್ತದೆ: ಬರೆಯುವುದೆಂದರೆ 1ನ್ನು 0 ಮಾಡುವುದು ಮಾತ್ರ. 0ಯನ್ನು ಮತ್ತೆ 1 ಮಾಡಲು ಅಳಿಸಬೇಕು, ಮತ್ತು ಡಬ್ಲ್ಯೂ25ಕ್ಯೂ ಸರಣಿಯಲ್ಲಿ ಅಳಿಸುವ ಕನಿಷ್ಠ ಅಳತೆ 4 ಕಿಲೋಬೈಟ್‌ನ ಸೆಕ್ಟರ್, ಅಂದರೆ 16 ಪೇಜ್. 8 ಮೆಗಾಬೈಟ್‌ನ ಡಬ್ಲ್ಯೂ25ಕ್ಯೂ64ರಲ್ಲಿ ಕ್ರಮ ಹೀಗೆ: ಬರೆಯಲು ಅನುಮತಿಯ ಆದೇಶ 06, ಸೆಕ್ಟರ್ ಅಳಿಸುವ ಆದೇಶ 20, ಸ್ಥಿತಿ ಕೇಳುವ ಆದೇಶ 05 ಕೊಟ್ಟು ಬ್ಯುಸಿ ಬಿಟ್ ಇಳಿಯುವವರೆಗೆ ಕಾಯುವುದು, ಮತ್ತೆ 06, ಆಮೇಲೆ ಪೇಜ್ ಬರೆಯುವ 02, ಮತ್ತೆ ಕಾಯುವುದು. ಸಂಖ್ಯೆಗಳೆಲ್ಲ ಹೆಕ್ಸ್. ಅನುಮತಿ ಒಂದು ಸಲಕ್ಕಷ್ಟೇ. ಪ್ರತಿ ಪೇಜ್‌ಗೂ 06 ಹೊಸದಾಗಿ ಕೊಡಬೇಕು. ಪೇಜ್ ಬರೆಯಲು ಗರಿಷ್ಠ 3 ಮಿಲಿಸೆಕೆಂಡ್, ಸೆಕ್ಟರ್ ಅಳಿಸಲು 400 ಮಿಲಿಸೆಕೆಂಡ್‌ವರೆಗೂ ಬೇಕಾಗಬಹುದು. ಇದು 3.3 ವೋಲ್ಟ್ ಚಿಪ್, 5 ವೋಲ್ಟ್ ಬೋರ್ಡ್‌ಗೆ ನೇರ ಕಟ್ಟಬಾರದು. 115200 ಬಾಡ್‌ನಲ್ಲಿ ಇಡೀ 8 ಮೆಗಾಬೈಟ್ ಬರಲು ಬಿಡುವಿಲ್ಲದೆ ಸುರಿದರೂ 12 ನಿಮಿಷ ಹಿಡಿಯುತ್ತದೆ. ಅಷ್ಟು ದೊಡ್ಡ ಕಡತಕ್ಕೆ ಚಿಪ್‌ಗೆ ಕ್ಲಿಪ್ ಹಾಕಿ ಪ್ರೋಗ್ರಾಮರ್ ಎಂಬ ಸಾಧನದಿಂದ ನೇರ ಬರೆಯುವುದೇ ಒಳ್ಳೆಯದು. ಆಗ ಮೈಕ್ರೊಕಂಟ್ರೋಲರನ್ನು ರೀಸೆಟ್‌ನಲ್ಲಿ ಹಿಡಿದಿಡಬೇಕು, ಇಲ್ಲದಿದ್ದರೆ ಅದೂ ಅದೇ ತಂತಿಗಳನ್ನು ಎಳೆಯುತ್ತದೆ.

ರಾಸ್ಪ್‌ಬೆರಿ ಪೈ ಪಿಕೊ ಬೋರ್ಡ್ ಬಳಸಿದವರು ತಮಗರಿವಿಲ್ಲದೆಯೇ ಇದನ್ನೆಲ್ಲ ಮಾಡಿರುತ್ತಾರೆ. ಅದರ ಆರ್‌ಪಿ2040 ಚಿಪ್‌ನೊಳಗೆ ಫ್ಲ್ಯಾಶ್ ಇಲ್ಲ. ಪ್ರೋಗ್ರಾಂ ಇರುವುದೇ ಹೊರಗಿನ 2 ಮೆಗಾಬೈಟ್ ಫ್ಲ್ಯಾಶ್‌ನಲ್ಲಿ. ಯುಎಸ್‌ಬಿ ಡ್ರೈವ್‌ನಂತೆ ಕಾಣುವಲ್ಲಿಗೆ ಎಳೆದು ಹಾಕುವ ಯುಎಫ್2 ಕಡತದ ಪ್ರತಿ 512 ಬೈಟ್‌ನ ತುಂಡಿನಲ್ಲಿ ನಿಜವಾದ ಮಾಹಿತಿ 256 ಬೈಟ್, ಒಂದು ಪೇಜ್‌ನಷ್ಟು.

ಬರೆದಾದ ಮೇಲೆ ಪೂರ್ತಿ ಓದಿ ಮೂಲ ಕಡತದೊಂದಿಗೆ ಹೋಲಿಸಬೇಕು. ತಪ್ಪಿದ್ದರೆ ಹೆಕ್ಸ್ ಸಾಲುಗಳೇ ಕಾರಣ ಹೇಳುತ್ತವೆ. ಎಲ್ಲ ಎಫ್‌ಎಫ್ (ಖಾಲಿ ಬೈಟ್) ಇದ್ದರೆ ಡಬ್ಲ್ಯೂಪಿ ಪಿನ್, ಇಲ್ಲವೇ ಚಿಪ್ ಓಗೊಡುತ್ತಲೇ ಇಲ್ಲ. 30 ಬೈಟ್ ಸರಿ, ಮುಂದಿನ 34 ಎಫ್‌ಎಫ್, ಮತ್ತೆ 30 ಸರಿ ಎಂದಿದ್ದರೆ ವೈರ್ ಲೈಬ್ರರಿಯ ಬಫರ್. ಶುರುವಿನದು ಸರಿಯಿದ್ದು ಆಮೇಲಿನದು ಹಿಂದಕ್ಕೆ ಜರುಗಿದ್ದರೆ ಸೀರಿಯಲ್ ಬೈಟ್‌ಗಳು ಕಳೆದುಹೋಗಿವೆ. ತಲೆಯಲ್ಲೊಂದು ಸೊನ್ನೆ ಸೇರಿ ಮುಂದಿನದು ಒಂದು ಬೈಟ್ ಮುಂದೆ ಸರಿದಿದ್ದರೆ, ಒಂದೇ ವಿಳಾಸ ಬೈಟ್ ಕೇಳುವ 24ಸಿ02ರಂಥ ಚಿಕ್ಕ ಚಿಪ್‌ಗೆ ಎರಡು ಕಳಿಸಿದ್ದೀರಿ. 24ಸಿ16ರವರೆಗೆ ಒಂದು, 24ಸಿ32ರಿಂದ ಮೇಲೆ ಎರಡು. ಫ್ಲ್ಯಾಶ್‌ನಲ್ಲಿ ಹಳೆಯದೂ ಅಲ್ಲದ ಹೊಸದೂ ಅಲ್ಲದ, 0ಗಳೇ ಹೆಚ್ಚಿರುವ ಕಲಸುಮೇಲೋಗರ ಕಂಡರೆ ಸೆಕ್ಟರ್ ಅಳಿಸುವುದನ್ನು ಮರೆತಿದ್ದೀರಿ.