ಐಸಿಯುನಲ್ಲಿರುವ ಮಗುವಿಗೆ ಗ್ಲೂಕೋಸ್ ಬಾಟಲಿಯೇ ಊಟವೇ?

ಪ್ರಶ್ನೆ: ನನ್ನ ನಾಲ್ಕು ವರ್ಷದ ಮಗನಿಗೆ ಅಪೆಂಡಿಕ್ಸ್ ಒಡೆದು ದಾವಣಗೆರೆಯಲ್ಲಿ ಆಪರೇಷನ್ ಆಗಿದೆ. ಮೂರು ದಿನದಿಂದ ಐಸಿಯುನಲ್ಲಿದ್ದಾನೆ. ತೂಕ 14 ಕಿಲೊ. ಮೂಗಿನಲ್ಲಿ ನಳಿಕೆ ಇದೆ, ಬರೀ ಗ್ಲೂಕೋಸ್ ಏರಿಸುತ್ತಿದ್ದಾರೆ. ಮಗು ಸೊರಗಿಹೋಗುತ್ತದೆ, ಗಂಜಿ, ಎಳನೀರು ತರುತ್ತೇನೆ ಎನ್ನುತ್ತಾರೆ ನಮ್ಮ ಅತ್ತೆ. ಕೊಡಬಹುದೇ?
– ಜಗಳೂರು ತಾಲ್ಲೂಕಿನ ತಾಯಿಯೊಬ್ಬರು

ಉತ್ತರ: ವೈದ್ಯರು ಹೇಳುವವರೆಗೆ ಗುಟುಕು ನೀರನ್ನೂ ಕೊಡಬೇಡಿ. ಆದರೆ ನಿಮ್ಮ ಅತ್ತೆಯವರ ಆತಂಕವನ್ನು ಹಳೆಯ ಕಾಲದವರ ಗೊಣಗಾಟ ಎಂದು ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಗ್ಲೂಕೋಸ್ ಬಾಟಲಿ ಊಟವಲ್ಲ. ಶೇಕಡಾ 5ರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರಿಂದ ಸಿಗುವ ಶಕ್ತಿ ನೂರು ಕ್ಯಾಲೊರಿಯೊಳಗೆ. ಪ್ರೊಟೀನ್ ಸೊನ್ನೆ. ನೀರಿನಂಶ, ಲವಣ, ರಕ್ತದ ಸಕ್ಕರೆ ಕುಸಿಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.

ದೊಡ್ಡ ಆಪರೇಷನ್, ಅದರ ಮೇಲೆ ಸೋಂಕು ಬಂದಾಗ ದೇಹ ತನ್ನ ಸ್ನಾಯುಗಳನ್ನೇ ಒಡೆದು ಗಾಯ ಮಾಯಿಸಲು ಬಳಸಿಕೊಳ್ಳುತ್ತದೆ. ಬರೀ ಸಕ್ಕರೆ ಕೊಟ್ಟರೆ ಇದು ನಿಲ್ಲುವುದಿಲ್ಲ. ಹಾಗಾಗಿ ನಾವು ಮೊದಲು ಲೆಕ್ಕ ಹಾಕುವುದು ಪ್ರೊಟೀನನ್ನು. ಅಮೆರಿಕದ ಪೋಷಣಾ ತಜ್ಞರ ಮತ್ತು ತೀವ್ರ ನಿಗಾ ತಜ್ಞರ ಸಂಘಗಳು 2017ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿ, ಕಾಯಿಲೆ ಬಿಗಡಾಯಿಸಿದ ಮಕ್ಕಳಿಗೆ ದಿನಕ್ಕೆ ಕಿಲೊಗೆ ಕನಿಷ್ಠ 1.5 ಗ್ರಾಂ ಪ್ರೊಟೀನ್ ಬೇಕು ಎನ್ನುತ್ತದೆ. ನಿಮ್ಮ ಮಗನಿಗೆ ಅದು 21 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ, 200 ಮಿಲಿ ಹಾಲಿನಲ್ಲಿ ಆರರಿಂದ ಏಳು. ಒಂದು ಹಿಡಿ ಅಕ್ಕಿಯ ಗಂಜಿಯಲ್ಲಿ ಎರಡೂವರೆ ಗ್ರಾಂ ಸಿಕ್ಕರೆ ಹೆಚ್ಚು. ಗಂಜಿ ಕುಡಿಸಿದ ಸಮಾಧಾನ ನಮ್ಮದು, ಅಷ್ಟೇ.

ಹಾಗಿದ್ದರೆ ವೈದ್ಯರು ಏಕೆ ಕಾಯುತ್ತಿದ್ದಾರೆ? ಆ ನಳಿಕೆಯನ್ನು ಒಮ್ಮೆ ಗಮನಿಸಿ. ಅದರ ತುದಿ ಕೆಳಗೆ ತೂಗುಬಿಟ್ಟ ಚೀಲಕ್ಕೆ ಸೇರಿದ್ದು, ಚೀಲದಲ್ಲಿ ಹಸಿರು ನೀರು ತುಂಬುತ್ತಿದ್ದರೆ ಈಗ ಅದು ಉಣಿಸುವ ನಳಿಕೆಯಲ್ಲ, ಹೊಟ್ಟೆ ಬರಿದುಮಾಡುವ ನಳಿಕೆ. ಕೀವು ತುಂಬಿದ್ದ ಹೊಟ್ಟೆಯಲ್ಲಿ ಕರುಳು ಕೆಲವು ದಿನ ಸುಮ್ಮನಾಗಿಬಿಡುತ್ತದೆ. ಆಗ ಗಂಜಿ ಹೋದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಸೊರಗಿರುವ ಮಗುವಿನ ಹೃದಯಕ್ಕೆ ಅದು ಅಪಾಯ. ಮಂಚದ ಪಕ್ಕ ಗುಟ್ಟಾಗಿ ಚಮಚ ಹಿಡಿಯುವ ನೆಂಟರನ್ನು ದಯವಿಟ್ಟು ಬಾಗಿಲಲ್ಲೇ ತಡೆಯಿರಿ.

ಹಸಿರು ನೀರು ಕಡಿಮೆಯಾಗಿ, ಹೊಟ್ಟೆ ಉಬ್ಬರ ಇಳಿದು, ರಕ್ತದೊತ್ತಡ ನೆಟ್ಟಗಿದ್ದರೆ ಅದೇ ನಳಿಕೆಯಲ್ಲಿ ಗಂಟೆಗೆ ಐದೋ ಹತ್ತೋ ಮಿಲಿ ಹಾಲಿನ ಆಹಾರ ಶುರುಮಾಡುತ್ತಾರೆ. ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕರುಳಿನ ಒಳಪದರ ಬದುಕುವುದೇ ಒಳಗೆ ಬರುವ ಆಹಾರದಿಂದ. ಎಷ್ಟೋ ಮಕ್ಕಳಿಗೆ ಐಸಿಯು ಸೇರಿದ 24ರಿಂದ 48 ಗಂಟೆಯೊಳಗೇ ಹೀಗೆ ಶುರುಮಾಡಬಹುದು. ಕಾರಣವಿಲ್ಲದೆ ಉಪವಾಸ ಮುಂದುವರಿಸುವುದು ಹಳೆಯ ಅಭ್ಯಾಸ. ಆದ್ದರಿಂದ ಬೆಳಗಿನ ರೌಂಡ್ಸ್‌ನಲ್ಲಿ ಕೇಳಿ: ‘ಡಾಕ್ಟರೇ, ಇಂದು ನಳಿಕೆಯಲ್ಲಿ ಹಾಲು ಶುರುಮಾಡಬಹುದೇ? ಆಗದಿದ್ದರೆ ಏನು ಅಡ್ಡಿ?’ ಕೇಳುವುದು ನಿಮ್ಮ ಹಕ್ಕು.

‘ದುಬಾರಿಯಾದರೂ ಸರಿ, ರಕ್ತನಾಳದಲ್ಲೇ ಪೂರ್ತಿ ಊಟ ಏರಿಸಿ’ ಎಂದು ಒತ್ತಾಯಿಸುವ ಮನೆಯವರೂ ಇದ್ದಾರೆ. ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಕೆನಡಾದ 1,440 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವಾರ ಇಂಥ ಆಹಾರ ಏರಿಸದೆ ತಡೆದ ಮಕ್ಕಳಲ್ಲಿ ಹೊಸ ಸೋಂಕು ಶೇ 10.7, ತಕ್ಷಣ ಏರಿಸಿದವರಲ್ಲಿ ಶೇ 18.5. ಹಾಸಿಗೆ ಹಿಡಿದ ಮಗು ಓಡಾಡುವುದಿಲ್ಲ, ಆ ದಿನಗಳಲ್ಲಿ ಬೆಳೆಯುವುದೂ ಇಲ್ಲ. ಅತಿಯಾಗಿ ತುಂಬಿದ ಶಕ್ತಿ ಹೊರೆಯಾಗುತ್ತದೆ. ನವಜಾತ ಶಿಶುಗಳ, ಮೊದಲೇ ತೀರಾ ಬಡಕಲಾಗಿರುವ ಮಕ್ಕಳ ಲೆಕ್ಕ ಬೇರೆ. ಬಡಕಲು ಮಗುವಿಗಂತೂ ಒಮ್ಮೆಲೇ ಹೆಚ್ಚು ಉಣಿಸಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರ್ ಕುಸಿದು ಜೀವಕ್ಕೇ ಕುತ್ತು ಬರಬಹುದು.

ಇನ್ನು ಮನೆಗೆ ಬಂದ ಮೇಲೆ. ನನಗೆ ಸಿಟ್ಟು ಬರುವುದು ಇಲ್ಲಿ. ‘ಬೇಳೆ ತಿಂದರೆ ಗಾಯ ಕೀವಾಗುತ್ತದೆ, ಮೊಟ್ಟೆ ನಂಜು, ಮೊಸರು ಶೀತ’ ಎಂದು ತಿಂಗಳುಗಟ್ಟಲೆ ತಿಳಿಸಾರು ಅನ್ನದಲ್ಲೇ ಮಗುವನ್ನು ಇಡುತ್ತಾರೆ. ಗಾಯ ಕೀವಾಗುವುದು ರೋಗಾಣುವಿನಿಂದ, ತೊಗರಿಬೇಳೆಯಿಂದಲ್ಲ. ಪಥ್ಯದ ಹೆಸರಿನಲ್ಲಿ ಬಿಡಿಸುವುದೆಲ್ಲ ಗಾಯ ಕೂಡಲು ಬೇಕಾದ ಪದಾರ್ಥಗಳೇ! ವೈದ್ಯರು ಮಾಮೂಲಿ ಊಟಕ್ಕೆ ಒಪ್ಪಿದ ಮೇಲೆ ಮೆತ್ತಗೆ ಬೆಂದ ಗಟ್ಟಿ ಬೇಳೆ ಕಲಸಿದ ಅನ್ನಕ್ಕೆ ಒಂದು ಚಮಚ ತುಪ್ಪ, ಹಾಲು ಹಾಕಿದ ರಾಗಿ ಸರಿ, ಬೇಯಿಸಿದ ಮೊಟ್ಟೆ, ಮೊಸರು, ಹುರಿದ ಶೇಂಗಾ ಮತ್ತು ಹುರಿಗಡಲೆಯನ್ನು ನುಣ್ಣಗೆ ಪುಡಿಮಾಡಿ ಬೆಲ್ಲದೊಂದಿಗೆ ಕೊಡಿ. ಇಡೀ ಶೇಂಗಾ ಬೇಡ, ಈ ವಯಸ್ಸಿನ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಒಮ್ಮೆಗೇ ತಟ್ಟೆ ತುಂಬಿಸದೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಉಣಿಸಿ. ಮಂಡಕ್ಕಿ ಮೆಣಸಿನಕಾಯಿ ಸದ್ಯಕ್ಕೆ ದೊಡ್ಡವರಿಗೇ ಇರಲಿ.

ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ, ಬರೆದಿಡಿ. ಎರಡು ಮೂರು ವಾರವಾದರೂ ತೂಕ ಏರದಿದ್ದರೆ ಚೀಟಿ ಹಿಡಿದು ವೈದ್ಯರನ್ನು ಕಾಣಿ. ತೀವ್ರ ಅಪೌಷ್ಟಿಕತೆ ಎಂದಾದರೆ ಜಿಲ್ಲಾಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸುತ್ತಾರೆ. ಹಸಿರು ವಾಂತಿ, ಹೊಟ್ಟೆ ಉಬ್ಬರ ಅಥವಾ ಜ್ವರ ಕಂಡರೆ ಮಾತ್ರ ವಾರ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.